ಸೂಳೆಕೆರೆ ದಾರಿಯ ಅಂಚಿಗೆ ಮಣ್ಣು ಹಾಕಿಸಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ವಾರದ ರಜೆ ಬಂತೆಂದರೆ ನಾವೊಂದಿಷ್ಟು ಜನ ಸೈಕಲ್ ಹತ್ತಿ ಕೆರೆಗಳ ಕಡೆ ಹೊರಡುತ್ತೇವೆ. ಬ್ಯಾಂಕಿನವರು, ಮೇಷ್ಟ್ರು, ಎಂಜಿನಿಯರಿಂಗ್ ಓದುವ ಮಕ್ಕಳು, ಎಲ್ಲರೂ ಇದ್ದಾರೆ. ಪುರಸೊತ್ತು ಕಡಿಮೆ ಇದ್ದರೆ ಕೊಂಡಜ್ಜಿ. ಬಿಸಿಲೇರುವ ಮೊದಲೇ ವಾಪಸ್ ಬಂದು ಬೆಣ್ಣೆ ದೋಸೆ ತಿನ್ನಬಹುದು. ಇಡೀ ದಿನ ಸಿಕ್ಕರೆ ಸಂತೆಬೆನ್ನೂರು ಮೇಲೆ ಸೂಳೆಕೆರೆ. ಈ ಪತ್ರ ಆ ದಾರಿಯ ಬಗ್ಗೆ.

ಕಾರಿನಲ್ಲಿ ಹೋದರೆ ಸೂಳೆಕೆರೆ ಒಂದು ಪ್ರವಾಸಿ ತಾಣ ಅಷ್ಟೆ. ಸೈಕಲ್ಲಿನಲ್ಲಿ ದಾರಿಯೇ ಒಂದು ಪ್ರವಾಸ. ಭದ್ರಾ ನಾಲೆ ನೀರು ಕುಡಿದ ಭತ್ತದ ಗದ್ದೆ, ಅದು ದಾಟಿದರೆ ಅಡಿಕೆ ತೋಟದ ತಂಪು. ಸಂತೆಬೆನ್ನೂರಿನ ಪುಷ್ಕರಣಿ ಹತ್ತಿರ ಸೈಕಲ್ ನಿಲ್ಲಿಸಿ, ನೀರಿನ ನಡುವಿನ ವಸಂತ ಮಂಟಪ ನೋಡುತ್ತಾ ಸ್ವಲ್ಪ ಸುಧಾರಿಸಿಕೊಳ್ಳುತ್ತೇವೆ. ಆಮೇಲೆ ಕೆರೆ. ತುಂಬಿದಾಗ ಸುಮಾರು 27 ಚದರ ಕಿ.ಮೀ. ನೀರು. ಅಷ್ಟನ್ನೂ ತಡೆದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವಿನ, ಅಷ್ಟೇನೂ ಉದ್ದವಿಲ್ಲದ ಒಂದು ಏರಿ! 12ನೇ ಶತಮಾನದಲ್ಲಿ ಶಾಂತವ್ವ ಕಟ್ಟಿಸಿದಳು ಅನ್ನುತ್ತಾರೆ ಜನ. ಅದಕ್ಕೇ ಶಾಂತಿಸಾಗರ ಅಂತಲೂ ಹೆಸರು. ಸಿದ್ಧನ ತೂಬು, ಬಸವನ ತೂಬು ಅಂತ ತೂಬುಗಳಿಗೂ ಹೆಸರಿದೆ. ಚಿತ್ರದುರ್ಗಕ್ಕೂ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಇಂಥ ಕೆರೆ ನಮ್ಮ ಜಿಲ್ಲೆಯಲ್ಲಿದೆ ಅಂತ ಹೊರಗಿನವರಿಗೆ ತೋರಿಸಲು ನನಗೆ ಬಹಳ ಖುಷಿ.

ಆದರೆ ಕರೆದುಕೊಂಡು ಹೋಗಲು ಭಯ. ಕಾರಣ ರಸ್ತೆಯ ಅಂಚು.

ಡಾಂಬರು ಮುಗಿದ ಕಡೆ ನೆಲ ಎಷ್ಟೋ ಕಡೆ ಗೇಣುದ್ದ ಕೆಳಗಿದೆ. ಮಳೆ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿದೆ, ಡಾಂಬರು ಕಚ್ಚಿ ತಿಂದ ರೊಟ್ಟಿಯ ಹಾಗಾಗಿದೆ. ಹಿಂದೆ ಲಾರಿ ಹಾರ್ನ್ ಹೊಡೆದರೆ ಸೈಕಲ್ಲಿನವರು ಕೆಳಗಿಳಿಯಲೇಬೇಕು. ಇಳಿಯುವುದು ಹೇಗೋ ಆಗುತ್ತದೆ, ಹತ್ತುವಾಗಲೇ ಕಷ್ಟ. ಮುಂದಿನ ಚಕ್ರ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ, ಮೇಲೆ ಬರುವುದಿಲ್ಲ, ಹ್ಯಾಂಡಲ್ ತಿರುಗಿ ಸೈಕಲ್ ರಸ್ತೆಯ ಮಧ್ಯಕ್ಕೇ ಬೀಳುತ್ತದೆ. ನಮ್ಮ ಗುಂಪಿನ ಹುಡುಗಿಯೊಬ್ಬಳು ಹೀಗೇ ಬಿದ್ದಳು. ಹಿಂದಿದ್ದ ಟ್ರ್ಯಾಕ್ಟರ್ ಡ್ರೈವರ್ ಪುಣ್ಯಾತ್ಮ, ಸಮಯಕ್ಕೆ ಬ್ರೇಕ್ ಹಾಕಿದ. ಮೊಣಕೈ ತರಚಿ ಅಷ್ಟಕ್ಕೇ ಮುಗಿಯಿತು.

ನಾವಾದರೂ ಹೆಲ್ಮೆಟ್ ಹಾಕಿಕೊಂಡು ರಜೆಗೆ ಹೋಗುವವರು. ಇದೇ ಅಂಚಿನಲ್ಲಿ ದಿನಾ ಬೆಳಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ರೈತರು ಡೈರಿಗೆ ಹೋಗುತ್ತಾರೆ. ಹೈಸ್ಕೂಲಿನ ಮಕ್ಕಳು ಹೋಗುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿ ಹೆಣ್ಣುಮಕ್ಕಳು ಎಷ್ಟು ಖುಷಿಯಿಂದ ಹೈಸ್ಕೂಲಿಗೆ ಹೊರಟರು ಅಂತ ನಾವೆಲ್ಲ ನೋಡಿದ್ದೇವೆ. ಸೈಕಲ್ ಕೊಟ್ಟರೆ ಸಾಕಾ? ಅದನ್ನು ಓಡಿಸಲು ಎರಡಡಿ ಜಾಗವೂ ಬೇಕಲ್ವಾ?

ನಾವು ಕೋಟಿಗಟ್ಟಲೆ ಖರ್ಚಿನ ಸೈಕಲ್ ಟ್ರ್ಯಾಕ್ ಕೇಳುತ್ತಿಲ್ಲ. ಅಂಚಿಗೆ ಗ್ರಾವೆಲ್ ಮಣ್ಣು ತುಂಬಿಸಿ, ರೋಲರ್ ಹೊಡೆಸಿ, ಡಾಂಬರಿನ ಮಟ್ಟಕ್ಕೆ ತನ್ನಿ. ಸುಮ್ನೆ ಸುರಿದು ಹೋದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಪಕ್ಕದ ಚರಂಡಿಯ ಹೂಳನ್ನೂ ತೆಗೆಸಬೇಕು, ಆಗ ಮಾತ್ರ ಮಣ್ಣು ನಿಲ್ಲುತ್ತದೆ. ರಾತ್ರಿ ಓಡಾಡುವ ಟ್ರೇಲರ್‌ಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೋ ಇಲ್ಲವೋ ನೋಡುವಂತೆ ಪೊಲೀಸರಿಗೂ ಒಂದು ಮಾತು ಹೇಳಿ. ಇನ್ನು ಕೆರೆ ಏರಿಯ ಹತ್ತಿರ ಹೆಣ್ಣುಮಕ್ಕಳು ನೆಮ್ಮದಿಯಿಂದ ಬಳಸುವಂಥ, ನೀರಿರುವ ಶೌಚಾಲಯ ಬೇಕು. ಇದು ಸೈಕಲ್ಲಿನವರಿಗಷ್ಟೇ ಅಲ್ಲ, ಜಾತ್ರೆಗೆ, ದೇವಸ್ಥಾನಕ್ಕೆ ಬರುವವರಿಗೂ ಬೇಕಾದದ್ದೇ.

ಭತ್ತದ ಕೊಯ್ಲು ಶುರುವಾದರೆ ಲಾರಿ, ಟ್ರ್ಯಾಕ್ಟರ್ ಓಡಾಟ ಜಾಸ್ತಿಯಾಗುತ್ತದೆ. ಒಕ್ಕಣೆಯ ರಾಶಿಯೂ ಅರ್ಧ ರಸ್ತೆಗೆ ಬರುತ್ತದೆ. ದಯವಿಟ್ಟು ಅದಕ್ಕೂ ಮೊದಲೇ ಅಂಚಿನ ಕೆಲಸ ಮುಗಿಸಿಕೊಡಿ.

ಇಂತಿ,
ದಾವಣಗೆರೆಯ ಒಬ್ಬ ಸೈಕಲ್ ಸವಾರ