ತೆರಿಗೆಯ ಪಾಲು ಹಣ ಬಂದ ದಿನವೇ ಬೇರೆಯಾಗಲಿ

ಮಾನ್ಯರೇ,

12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂಬ ಸುದ್ದಿಯನ್ನು ಸ್ವಂತ ಉದ್ಯೋಗದವರಲ್ಲಿ ಬಹಳ ಮಂದಿ ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ಸಂಬಳದಾರರಿಗೆ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಅದು 12.75 ಲಕ್ಷವಾಗುತ್ತದೆ. ಮಣಿಪಾಲದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವರಿಗಾಗಲಿ, ಕದ್ರಿಯ ಇಂಟೀರಿಯರ್ ಡಿಸೈನರ್‌ಗಾಗಲಿ ಆ 75,000 ಸಿಗುವುದಿಲ್ಲ.

ಇನ್ನು ಕೆಲವರು ಯಾವುದೋ ವಿಡಿಯೊ ನೋಡಿ, ಬಂದ ಹಣದಲ್ಲಿ ತೆರಿಗೆಗೆಂದು ಶೇ 30 ತೆಗೆದಿಡಲು ಹೊರಟು ಎರಡೇ ತಿಂಗಳಿಗೆ ಕೈಬಿಡುತ್ತಾರೆ. ಅದು ಪರದೇಶದ ಲೆಕ್ಕ, ನಮ್ಮಲ್ಲಿ ಅಷ್ಟು ಬೇಕಾಗಿಲ್ಲ. ವೈದ್ಯರು, ವಕೀಲರು, ಎಂಜಿನಿಯರು, ಇಂಟೀರಿಯರ್ ಡಿಸೈನರು, ಐಟಿ ವೃತ್ತಿಯವರು ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿ ಹಿಡಿಯಬಹುದು. ಇದಕ್ಕೆ ಮಿತಿ 50 ಲಕ್ಷ. ನಗದಾಗಿ ಪಡೆದದ್ದು ಗಳಿಕೆಯ ಶೇ 5 ಮೀರದಿದ್ದರೆ 75 ಲಕ್ಷ. 30 ಲಕ್ಷ ಗಳಿಸಿದವರ ಆದಾಯ 15 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ (ನ್ಯೂ ರೆಜೀಮ್) ತೆರಿಗೆ 1,05,000, ಶೇ 4 ಸೆಸ್ ಸೇರಿ 1,09,200 ರೂ. ಅಂದರೆ ಬಂದ ಹಣದ ಶೇ 4ಕ್ಕೂ ಕಡಿಮೆ. 40 ಲಕ್ಷಕ್ಕೆ ಇದು 2,08,000. 50 ಲಕ್ಷಕ್ಕೆ 3,43,200, ಶೇ 7ರ ಒಳಗೇ. ಬೇರೆ ಆದಾಯ ಇಲ್ಲದಿದ್ದರೆ 24 ಲಕ್ಷದವರೆಗೆ ಸೊನ್ನೆ.

ಈ 24 ಲಕ್ಷದ ಅಂಚಿನಲ್ಲಿರುವವರು ಮಾತ್ರ ಬಹಳ ಎಚ್ಚರದಿಂದಿರಬೇಕು. ಗಳಿಕೆ 25 ಲಕ್ಷವಾದರೆ ತೆರಿಗೆ ಸೊನ್ನೆಯಿಂದ ಒಮ್ಮೆಗೇ 52,000ಕ್ಕೆ ಜಿಗಿಯುತ್ತದೆ. ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಸಿಗುವ ರಿಯಾಯಿತಿ (ಮಾರ್ಜಿನಲ್ ರಿಲೀಫ್) ಕೊಟ್ಟ ಮೇಲಿನ ಮೊತ್ತ ಇದು! ಎಫ್‌ಡಿ ಬಡ್ಡಿಯೂ ಆದಾಯಕ್ಕೆ ಸೇರುವುದರಿಂದ ಗಳಿಕೆ ಹೆಚ್ಚದೆಯೂ ಈ ಗೆರೆ ದಾಟುವವರಿದ್ದಾರೆ.

ಅಂದಾಜು ಪದ್ಧತಿಯವರು ಮುಂಗಡ ತೆರಿಗೆಯನ್ನು (ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆ) ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ಇದನ್ನು ಕೇಳಿ ವಿಮಾ ಏಜೆಂಟರು, ಜಾಗದ ಬ್ರೋಕರುಗಳೂ ಮಾರ್ಚ್‌ವರೆಗೆ ಸುಮ್ಮನಿರುತ್ತಾರೆ. ಕಮಿಷನ್ ಆದಾಯಕ್ಕೆ ಆ ಪದ್ಧತಿಯೇ ಅನ್ವಯಿಸುವುದಿಲ್ಲ. ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ) ಕಳೆದು 10,000 ರೂ. ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಅವರು ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ಕಮಿಷನ್ ಮೇಲಿನ ಟಿಡಿಎಸ್ ಈಗ ಶೇ 5ರಿಂದ 2ಕ್ಕೆ ಇಳಿದಿದೆ. ಕೈಗೆ ಹೆಚ್ಚು ಬರುತ್ತಿರುವುದು ನಿಜ, ಆದರೆ ತೆರಿಗೆ ಇಳಿದಿಲ್ಲ. ಮೊದಲು ಕಮಿಷನ್ ಕೊಡುವವರು ಹಿಡಿದುಕೊಳ್ಳುತ್ತಿದ್ದುದನ್ನು ಈಗ ಪಡೆಯುವವರೇ ಎತ್ತಿಡಬೇಕು. 60 ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ ಎಂಬುದೂ ವ್ಯಾಪಾರ, ವೃತ್ತಿಯ ಆದಾಯ ಇಲ್ಲದವರಿಗೆ ಮಾತ್ರ. ನಿವೃತ್ತರಾಗಿ ಟ್ಯೂಷನ್ ನಡೆಸುವ ಮೇಷ್ಟ್ರು ಅದರಲ್ಲಿ ಬರುವುದಿಲ್ಲ.

ಯಾವ ಹಣದಿಂದ ಎತ್ತಿಡಬೇಕು ಎಂಬುದರಲ್ಲೂ ಎಡವುವವರು ಬಹಳ. ಕಂಪನಿಗೆ 1,00,000 ರೂ. ಬಿಲ್, ಅದರ ಮೇಲೆ 18,000 ಜಿಎಸ್‌ಟಿ ಎಂದಿಟ್ಟುಕೊಳ್ಳಿ. ಅವರು ಶೇ 10 ಟಿಡಿಎಸ್ ಹಿಡಿದು 1,08,000 ಹಾಕುತ್ತಾರೆ. ಇದರಲ್ಲಿ 18,000 ಸರಕಾರದ್ದು, ಉಳಿದ 90,000ದ ತೆರಿಗೆಯನ್ನು ಬಹುಪಾಲು ಅವರೇ ಕಟ್ಟಿಯಾಗಿದೆ. (ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ಕಾಣಿಸದಿದ್ದರೆ 1,18,000ದ ಮೇಲೂ ಟಿಡಿಎಸ್ ಹೋದೀತು.) ಮನೆ ಕಟ್ಟಿಸುವ ಸಾಮಾನ್ಯ ಗಿರಾಕಿಯಾಗಲಿ ವಿದೇಶದ ಗಿರಾಕಿಯಾಗಲಿ ಏನನ್ನೂ ಹಿಡಿಯುವುದಿಲ್ಲ. ಎತ್ತಿಡಬೇಕಾದದ್ದು ಮುಖ್ಯವಾಗಿ ಅಂಥ ಹಣದಿಂದ. ಡಿಸೆಂಬರಿನಲ್ಲಿ ಒಮ್ಮೆ ಆದಾಯ ತೆರಿಗೆ ಜಾಲತಾಣದಲ್ಲಿ ತೆರಿಗೆ ಜಮೆಯ ಪಟ್ಟಿ (ಹಳೆಯ ಕಾಯ್ದೆಯಲ್ಲಿ 26ಎಎಸ್) ತೆರೆದು, ಹಿಡಿದ ಟಿಡಿಎಸ್ ನಮ್ಮ ಪ್ಯಾನ್‌ಗೆ ಸೇರಿದೆಯೇ ನೋಡಬೇಕು.

ಎತ್ತಿಟ್ಟ ಹಣ ದಿನದ ವಹಿವಾಟಿನ ಖಾತೆಯಲ್ಲೇ ಇದ್ದರೆ ಉಳಿಯದು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾದ ಉಡುಪಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಟಿಎಂ ಕಾರ್ಡ್ ಇಲ್ಲದ ಇನ್ನೊಂದು ಉಳಿತಾಯ ಖಾತೆ, ಅಥವಾ ಮಾರ್ಚ್ ಮೊದಲ ವಾರ ಮುಗಿಯುವ ಆರ್‌ಡಿ ಒಳ್ಳೆಯದು. ಏಪ್ರಿಲ್‌ನಲ್ಲಿ ಮುಗಿಯುವ ಆರ್‌ಡಿಯನ್ನು ಮಾರ್ಚ್‌ನಲ್ಲಿ ಒಡೆದರೆ ಬಡ್ಡಿ ಖೋತಾ.

ತಡವಾದರೆ? ಮೇಲಿನ 1,09,200ನ್ನು ಜುಲೈ ಕೊನೆಗೆ ಕಟ್ಟಿದರೆ, ಟಿಡಿಎಸ್ ಏನೂ ಇಲ್ಲದಿದ್ದಲ್ಲಿ, 5,460 ರೂ. ಬಡ್ಡಿ. ಮಾರ್ಚ್ 15 ತಪ್ಪಿದರೂ 31ರೊಳಗೆ ಕಟ್ಟಿದರೆ 1,092ರಲ್ಲೇ ಮುಗಿಯುತ್ತದೆ. 31ರವರೆಗೆ ಕಟ್ಟಿದ್ದೂ ಮುಂಗಡ ತೆರಿಗೆಯೇ. ಬಹಳ ಮಂದಿಗೆ ಇದು ಗೊತ್ತಿಲ್ಲ.

ಕಟ್ಟುವಾಗ ವರ್ಷ ನೋಡಿ ಆರಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು 'ತೆರಿಗೆ ವರ್ಷ' ಎಂಬ ಲೆಕ್ಕ ಶುರುವಾಗಿದೆ. ಹಳೆಯ ಕಾಯ್ದೆಯ 2026-27 ಅಸೆಸ್‌ಮೆಂಟ್ ವರ್ಷ ಎಂದರೆ 2025-26ರ ಗಳಿಕೆ. ಹೊಸ ಕಾಯ್ದೆಯ 2026-27 ತೆರಿಗೆ ವರ್ಷ ಎಂದರೆ ಅದೇ ವರ್ಷದ ಗಳಿಕೆ. ಅಂಕಿ ಒಂದೇ ಆದ್ದರಿಂದ ಕಟ್ಟಿದ ಹಣ ಬೇರೆ ವರ್ಷಕ್ಕೆ ಹೋಗಿ, ಬಾಕಿ ಇದೆಯೆಂದು ನೋಟಿಸ್ ಬರಬಹುದು.

ಪತ್ರಿಕೆಗಳು ರಿಟರ್ನ್ಸ್ ಸಲ್ಲಿಕೆಯ ಕೊನೆಯ ದಿನವನ್ನು ತಪ್ಪದೆ ಪ್ರಕಟಿಸುತ್ತವೆ. ಆ ಹೊತ್ತಿಗೆ ಬಡ್ಡಿ ಬಿದ್ದಾಗಿರುತ್ತದೆ. ಮುಂಗಡ ತೆರಿಗೆಯ ನಾಲ್ಕು ದಿನಾಂಕಗಳನ್ನೂ ಒಂದು ವಾರ ಮೊದಲೇ ಪ್ರಕಟಿಸಬೇಕೆಂದು ಕೋರಿಕೆ.

– ತೆರಿಗೆ ಸಲಹೆಗಾರರಿಬ್ಬರು, ಬಲ್ಮಠ, ಮಂಗಳೂರು