ವಾಡೆಯ ಪುಸ್ತಕ ಮತ್ತು ಆಯಿಯ ಲೆಕ್ಕ

ನಮ್ಮ ಮನೆತನದ ಹಳೆಯ ದೊಡ್ಡ ಮನೆಯಾದ ವಾಡೆಯ ಚರಿತ್ರೆ ಹುಡುಕಿ ನಾನು ಬರೆದ ಪುಸ್ತಕ ಅಚ್ಚಾಗಿ ಬಂದು ಹತ್ತು ದಿನವಾಯಿತು. ಕಳೆದ ಸೋಮವಾರ ಊರಿನ ಹನುಮಂತ ದೇವರ ಕಟ್ಟೆಯ ಮೇಲೆ ಕೂತು ಹಂಚಿದ್ದೂ ಆಯಿತು. ಈ ಕೆಲಸ ಎಷ್ಟು ಸಲ ನಿಂತಿತು, ಅಪ್ಪನ ಆಸ್ಪತ್ರೆಯ ಎರಡು ವರ್ಷ ಹೇಗೆ ಕಳೆದವು ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ತೋಡುವುದಿಲ್ಲ. ಯಾರ ಋಣ ಎಷ್ಟಿದೆ ಎಂಬುದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ಮೊದಲಿಗೆ ಉರ್ದು ಶಾಲೆಯ ನಿವೃತ್ತ ಮಾಸ್ತರರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಹತ್ತಿರವಿರುವುದರಿಂದ ನಮ್ಮ ಕಡೆ ಪ್ರತಿ ಮುರುಕು ಗೋಡೆಯೂ ಅವರದೇ. ನಾನು ಅಷ್ಟು ದೂರ ಹೋಗಲಿಲ್ಲ, ಬಹಮನಿಗಳಿಗೆ ನಿಂತೆ. ಕಾರಣ, ವಾಡೆಯ ಪೆಟ್ಟಿಗೆಯಲ್ಲಿ ಸಿಕ್ಕ ಮೊದಲ ಕಾಗದದ ಮೇಲೆಯೇ ‘ಬಹಮನ್’ ಎಂದಿತ್ತು. ಅರೆಬರೆ ಉರ್ದು ಕಲಿತವನಿಗೆ ಇನ್ನೇನು ಬೇಕು? ನಮ್ಮ ವಾಡೆ 1347ರಲ್ಲಿ ಕಲಬುರಗಿಯಲ್ಲಿ ಗದ್ದುಗೆ ಹೂಡಿದ ಸುಲ್ತಾನರ ಕಾಲದ್ದು ಎಂದು ಎಂಟು ತಿಂಗಳು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದು ನಕ್ಕ ನಗುವಿಗೆ ಬಸಿಯಲ್ಲಿದ್ದ ಚಹಾ ಚೆಲ್ಲಿತು. ಬಹಮನ್ ಎಂಬುದು ತಿಂಗಳ ಹೆಸರಂತೆ! ಹೈದರಾಬಾದಿನ ನಿಜಾಮರ ಸರ್ಕಾರಿ ಲೆಕ್ಕದ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು, ಆಜುರ್, ದೈ ಮುಗಿದ ಮೇಲೆ ಮೂರನೆಯದೇ ಬಹಮನ್. ಪಕ್ಕದಲ್ಲಿದ್ದ 1318ಕ್ಕೆ 590 ಕೂಡಿಸಿದರೆ 1908, ಅಂದರೆ ಆ ವರ್ಷದ ಡಿಸೆಂಬರಿನ ಆಸುಪಾಸು. ಒಂದು ಬಸಿ ಚಹಾದಲ್ಲಿ ನಮ್ಮ ವಾಡೆ ಐನೂರು ವರ್ಷ ಚಿಕ್ಕದಾಯಿತು. ಆ ಓಡುಬರಹವನ್ನು ಸಾಲುಸಾಲಾಗಿ ನನಗೆ ಓದಿಸಿದವರು ಅವರೇ, ಅದೂ ಒಂದು ಕಣ್ಣಿಗೆ ಪೊರೆ ಬಂದಿದ್ದಾಗ.

ರಜೆ ಹಾಕಿ ಮೂರು ಸಲ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ ನನ್ನ ಜೊತೆ ಬಂದ ಗೆಳೆಯ, ಬಾವಿಯ ಮೆಟ್ಟಿಲಿಗೆ ಹಾಸಿದ್ದ ಕಲ್ಲಿನಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸುವನ್ನು ಕಂಡು ಇದು ದಾನಶಾಸನ ಎಂದು ಹೇಳಿ, ಒದ್ದೆ ಕಾಗದ ಬಡಿದು ಅಚ್ಚು ತೆಗೆದುಕೊಟ್ಟ ಪ್ರಾಧ್ಯಾಪಕರು, ಹಳೆಯ ಮರಾಠಿ ಬರಹದ ಮೋಡಿ ಲಿಪಿಯ ಲೆಕ್ಕ ಬಿಡಿಸಿದ ಬಸವಕಲ್ಯಾಣದ ಹಿರಿಯರು, ಹುಡೇವು ಎಂಬ ಕಾವಲು ಬುರುಜು ಹತ್ತಿ ಅಳತೆ ಹಿಡಿದ ಹುಡುಗರು, ಮುದ್ರಣದ ಖರ್ಚಿನಲ್ಲಿ ಪಾಲು ಕೊಟ್ಟು ಹೆಸರು ಹಾಕಬೇಡ ಎಂದ ಇಬ್ಬರು, ಎಲ್ಲರಿಗೂ ಶರಣು. ನನ್ನ ಹೆಂಡತಿಗೆ ಇಲ್ಲಿ ಧನ್ಯವಾದ ಬರೆದರೆ ಆಕೆ ಅದನ್ನು ತಿಂಗಳುಗಟ್ಟಲೆ ಆಡಿಕೊಳ್ಳುತ್ತಾಳೆ, ಆದ್ದರಿಂದ ಬರೆಯುವುದಿಲ್ಲ.

ಇನ್ನು ಆಯಿ, ನಮ್ಮೂರಿನ ಹಿರಿಯ ಹೆಂಗಸು.

2020ರ ಅಕ್ಟೋಬರಿನ ಮಳೆಯನ್ನು ಈ ಭಾಗದವರು ಮರೆಯುವುದಿಲ್ಲ. ಭೀಮೆಯೂ ಕಾಗಿಣಾ ನದಿಯೂ ಉಕ್ಕಿ, ತೊಗರಿ ಹೊಲಗಳು ಕೆರೆಯಾಗಿದ್ದವು. ಅಪ್ಪ ತೀರಿಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ಕಾಗದದ ಪೆಟ್ಟಿಗೆ ವಾಡೆಯ ಮೂಡಣ ಕೋಣೆಯಲ್ಲೇ ಇತ್ತು. ಅದನ್ನು ಕಲಬುರಗಿಯ ಮನೆಗೆ ಒಯ್ಯುತ್ತೇನೆ ಎಂದು ಬೇಸಿಗೆಯಿಂದ ಹೇಳುತ್ತ ಬಂದವನು ನಾನೇ. ರಾತ್ರಿ ಹತ್ತರ ಹೊತ್ತಿಗೆ ಕರೆಂಟು ಹೋಗಿತ್ತು, ಮಣ್ಣಿನ ಮಾಳಿಗೆ ನಾಲ್ಕು ಕಡೆ ಸೋರುತ್ತಿತ್ತು. ಪೆಟ್ಟಿಗೆಯನ್ನು ಹೆಬ್ಬಾಗಿಲವರೆಗೆ ಎಳೆದು ತಂದು ಮುಚ್ಚಳ ತೆಗೆದರೆ ತಳದಲ್ಲಿ ನಾಲ್ಕು ಬೆರಳು ನೀರು. ಅಲ್ಲೇ ಕುಸಿದು ಕೂತೆ. ಅಪ್ಪ ಹೋದಾಗ ಬಾರದ ಅಳು ಆಗ ಬಂತು. ‘ಎಲ್ಲ ಹೋಗಲಿ’ ಎಂದು ಜೋರಾಗಿಯೇ ಅಂದೆ. ಯಾರೂ ಇಲ್ಲ ಎಂದುಕೊಂಡಿದ್ದೆ.

ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಆಯಿ ಹೆಬ್ಬಾಗಿಲಲ್ಲಿ ನಿಂತಿದ್ದರು. ‘ಹೋಗಲಿ ಅನ್ನಲು ಇದು ನಿಮ್ಮದೊಂದೇ ಏನು?’ ಎಂದರು.

ಅದರ ಅರ್ಥ ಆಗ ನನಗೆ ತಟ್ಟಲಿಲ್ಲ. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತರದ ಓಣಿಯಲ್ಲಿದ್ದ ಅವರ ತಗಡಿನ ಮನೆಗೆ ಹೊತ್ತೆವು. ಎಪ್ಪತ್ತು ದಾಟಿದ ಹೆಂಗಸು ಒಂದು ಕಡೆ ಹಿಡಿದಿದ್ದರು, ಏದುಸಿರು ಬಿಡುತ್ತಿದ್ದವನು ನಾನು. ಒಲೆಗೆ ತೊಗರಿ ಕಟ್ಟಿಗೆ ಒಡ್ಡಿ, ಹಳೆಯ ಹತ್ತಿ ಸೀರೆಗಳನ್ನೆಲ್ಲ ಹೊರಗೆಳೆದರು. ಒಂದು ಪದರು ಸೀರೆ, ಒಂದು ಕಾಗದ, ಮತ್ತೆ ಸೀರೆ. ಗಾಜಿನ ಬಳೆಗಳು ಒದ್ದೆ ಕಾಗದಕ್ಕೆ ಸಿಕ್ಕದಿರಲೆಂದು ಮೊಣಕೈವರೆಗೆ ಸರಿಸಿ ನೂಲಿನಿಂದ ಕಟ್ಟಿಕೊಂಡಿದ್ದರು. ನಾನು ಆತುರದಲ್ಲಿ ಒಂದನ್ನು ಒತ್ತಿ ಒರೆಸಲು ಹೋದಾಗ ಕೈಗೆ ಏಟು ಬಿತ್ತು: ‘ಒತ್ತಬೇಡ ತಮ್ಮಾ, ಮಸಿ ಏಳುತ್ತದೆ.’ ಅಲ್ಲಿಯವರೆಗೆ ನನ್ನನ್ನು ಗೌಡರೇ ಎನ್ನುತ್ತಿದ್ದವರು. ಬೇಡ ಎಂದು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಕೆಳಗಿನಿಂದ ದೊಡ್ಡ ಸದ್ದು ಬಂತು. ನಾನು ಎದ್ದು ನಿಂತೆ. ಆಯಿ ತಲೆ ಎತ್ತಲಿಲ್ಲ. ‘ಮೂಡಣ ಗೋಡೆ ಬಿತ್ತು. ನೀನು ಕಾಗದ ಹಿಡಿ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು: ಆ ಗೋಡೆಯ ಕಲ್ಲನ್ನು ಹೊಳೆದಂಡೆಯಿಂದ ಹೊತ್ತವರಲ್ಲಿ ತಮ್ಮ ಅತ್ತೆಯ ಅಪ್ಪನೂ ಇದ್ದ. ಬಿಟ್ಟಿ ಚಾಕರಿ. ಮಧ್ಯಾಹ್ನಕ್ಕೆ ಒಂದು ರೊಟ್ಟಿ, ಅಷ್ಟೇ. ಅತ್ತೆ ಬೀಸುವಾಗ ಅವರೆಲ್ಲರ ಹೆಸರನ್ನು ಹಾಡಿನ ಹಾಗೆ ಹೇಳುತ್ತಿದ್ದರಂತೆ. ಆಯಿ ಫರಸಿ ಕಲ್ಲಿನ ಮೇಲೆ ಒಂದೊಂದು ಹೆಸರಿಗೆ ಒಂದೊಂದು ಜೋಳದ ಕಾಳು ಇಟ್ಟರು. ಹನ್ನೊಂದಾದವು. ನಾನು ನನ್ನ ಮೊಬೈಲಿನ ಬೆಳಕಿನಲ್ಲಿ ಬರೆದುಕೊಂಡೆ. ಬೆಳಗ್ಗೆ ಆ ಕಾಳುಗಳನ್ನು ಕೋಳಿ ತಿಂದಿತು.

ಅಂದು ಉಳಿದ ಕಾಗದಗಳಲ್ಲಿ ಕಟ್ಟಡದ ಖರ್ಚಿನ ಪುಸ್ತಕವೂ ಒಂದು. ಸುಣ್ಣ ಎಷ್ಟು ಬಂಡಿ, ಗಚ್ಚಿಗೆ ಬೆಲ್ಲ ಎಷ್ಟು, ಗೌಂಡಿಯ ಕೂಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಎಷ್ಟು ಎಂದು ಎಲ್ಲಕ್ಕೂ ಲೆಕ್ಕವಿದೆ. ಕಲ್ಲು ಹೊತ್ತವರ ಎದುರಿಗೆ ಒಂದೇ ಪದ: ಬೇಗಾರ್, ಅಂದರೆ ಬಿಟ್ಟಿ. ಅದನ್ನು ಓದಿ ಹೇಳುವಾಗ ಮಾಸ್ತರರ ದನಿ ಇಳಿಯಿತು. ಐದು ವರ್ಷ ನಾನು ಹುಡುಕಿದ್ದು ಕಟ್ಟಿಸಿದವರ ಹೆಸರನ್ನು. ಕಟ್ಟಿದವರ ಹೆಸರು ಎರಡು ಓಣಿ ಆಚೆ, ಓದು ಬಾರದ ಒಬ್ಬರ ಬಾಯಲ್ಲಿತ್ತು. ನಾನು ಹುಟ್ಟಿದಾಗಿನಿಂದ ಆ ಮನೆಯ ಮುಂದೆಯೇ ಓಡಾಡಿದ್ದೇನೆ. ಒಮ್ಮೆಯೂ ಕೇಳಿರಲಿಲ್ಲ.

ಆ ರಾತ್ರಿಯ ನಂತರ ಪುಸ್ತಕದ ದಾರಿಯೇ ಬೇರೆಯಾಯಿತು. ವಾಡೆ ಹಾಳಾದದ್ದು ನಿಜಾಮರ ಪರವಾಗಿದ್ದ ರಜಾಕಾರ ಪಡೆಯ ಹಾವಳಿಯಲ್ಲಿ, 1948ರ ಪೊಲೀಸ್ ಕಾರ್ಯಾಚರಣೆಗೆ ಮುಂಚೆ ಎಂದು ನಮ್ಮ ಮನೆಯಲ್ಲಿ ಮೊದಲಿನಿಂದ ಹೇಳುತ್ತಿದ್ದರು. ಆಯಿ ಅದಕ್ಕೂ ನಕ್ಕರು. ತೊಲೆ ಬಂಡಿಗೆ ಏರಿದ್ದನ್ನು ತಾವು ಚಿಕ್ಕವರಿದ್ದಾಗ ಕಣ್ಣಾರೆ ಕಂಡಿದ್ದರು. ಹುಡುಕಿದರೆ ಪಾವತಿಯೂ ಸಿಕ್ಕಿತು. ವಿಶಾಲ ಮೈಸೂರು ರಾಜ್ಯಕ್ಕೆ ನಾವು ಸೇರಿ ಆರೇಳು ವರ್ಷವಾದ ಮೇಲಿನ ಕನ್ನಡದ ಪಾವತಿ, ಸಾಗುವಾನಿ ತೊಲೆ ಮಾರಿದ್ದಕ್ಕೆ, ಕೆಳಗೆ ನನ್ನ ಅಜ್ಜನ ಸಹಿ. 1949ರಲ್ಲಿ ಜಾಗೀರುಗಳು ರದ್ದಾದ ಮೇಲೆ ಇನಾಮು ಭೂಮಿಯೂ ಒಂದೊಂದಾಗಿ ಕೈಬಿಟ್ಟಿತ್ತು, ಮನೆಗೆ ಹಣ ಬೇಕಿತ್ತು. ತೊಲೆ ತೆಗೆದ ಮೇಲೆ ಮಾಳಿಗೆ ಎಷ್ಟು ಮಳೆಗಾಲ ತಡೆದೀತು? ಇದನ್ನು ಅಚ್ಚು ಹಾಕಬೇಡ ಎಂದು ನಮ್ಮ ಮನೆತನದ ಕೆಲವರು ಹೇಳಿದರು. ಅವರು ಈಗಲೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ಹಾಕಬೇಕು ಎಂದ ದೊಡ್ಡಪ್ಪನಿಗೆ ನನ್ನ ನಮಸ್ಕಾರ.

ಸೋಮವಾರ ಮೊದಲ ಪ್ರತಿಯನ್ನು ಆಯಿಯ ಕೈಗೆ ಕೊಟ್ಟೆ. ಅವರು ಅದನ್ನು ಮೂಸಿ ನೋಡಿ, ಒಂಬತ್ತನೆಯ ತರಗತಿಯ ಮೊಮ್ಮಗಳಿಗೆ ದಾಟಿಸಿದರು. ಹುಡುಗಿ 63ನೆಯ ಪುಟ ತೆರೆದು ಹನ್ನೊಂದು ಹೆಸರನ್ನೂ ಗಟ್ಟಿಯಾಗಿ ಓದಿದಳು. ಕಟ್ಟೆಯ ಮೇಲೆ ಯಾರೂ ಮಾತನಾಡಲಿಲ್ಲ. ಆಯಿ ಮಾತ್ರ ಬೆರಳು ಮಡಿಚಿ ಎಣಿಸುತ್ತಿದ್ದರು. ಮುಗಿದ ಮೇಲೆ, ‘ಒಂದು ತಪ್ಪಿದೆ. ನಾಲ್ಕನೆಯದು ಒಬ್ಬಳಲ್ಲ, ಅಕ್ಕತಂಗಿಯರು. ಅಂದು ನಾನೇ ಒಂದೇ ಕಾಳು ಇಟ್ಟಿರಬೇಕು’ ಎಂದರು.

ಆದ್ದರಿಂದ ಪ್ರತಿ ತೆಗೆದುಕೊಂಡವರಲ್ಲಿ ಒಂದು ಕೋರಿಕೆ. 63ನೆಯ ಪುಟದಲ್ಲಿ ನಾಲ್ಕನೆಯ ಸಾಲಿನ ಕೆಳಗೆ ಸ್ವಲ್ಪ ಜಾಗವಿದೆ. ಆ ಎರಡನೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಅವಳ ಕಡೆಯವರು ಸೇಡಂನಲ್ಲಿದ್ದಾರೆ, ಅವರನ್ನು ಇನ್ನೂ ಕೇಳಬೇಕು. ಕೇಳಿದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ಪೆನ್ನಿನಲ್ಲೇ ಬರೆದುಕೊಳ್ಳಿ.