ಕಪ್ಪೆಯ ವೈ ಏಕೆ ಸವೆಯಲಿಲ್ಲ?

ಮಾನ್ಯ ಸಂಪಾದಕರೇ,

ಭಾನುವಾರದ ವಿಜ್ಞಾನ ಪುಟದಲ್ಲಿ ಗಂಡಸಿನ ವೈ ವರ್ಣತಂತು (ಕ್ರೋಮೋಸೋಮ್) ಕುಗ್ಗುತ್ತಿರುವ ಬಗ್ಗೆ ಬಂದ ಲೇಖನ ಓದಿದೆ. ಮನುಷ್ಯನ ಮಟ್ಟಿಗೆ ಅಲ್ಲಿನ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಒಂದು ಕಾಲಕ್ಕೆ ಎಕ್ಸ್‌ಗೆ ಸರಿಸಮನಾಗಿದ್ದ ವೈ, ಅದರೊಡನೆ ತುಣುಕುಗಳ ವಿನಿಮಯ ನಿಂತ ಮೇಲೆ ವಂಶವಾಹಿಗಳನ್ನು ಕಳೆದುಕೊಳ್ಳುತ್ತ ಬಂದದ್ದು ನಿಜ. ಆದರೆ ಲೇಖಕರು ಕೊನೆಯಲ್ಲಿ ‘ಲಿಂಗ ವರ್ಣತಂತುಗಳ ಹಣೆಬರಹವೇ ಇಷ್ಟು’ ಎಂದು ಷರಾ ಬರೆದುಬಿಟ್ಟಿದ್ದಾರೆ. ಪ್ರಾಣಿಶಾಸ್ತ್ರ ಪಾಠ ಮಾಡಿಯೇ ನಿವೃತ್ತಳಾದ ನಾನು ಕಪ್ಪೆಗಳ ಪರವಾಗಿ ವಕಾಲತ್ತು ವಹಿಸದೆ ಇರಲಾರೆ.

ಯುರೋಪಿನ ಸಾಮಾನ್ಯ ಕಪ್ಪೆ ರಾನಾ ಟೆಂಪೊರೇರಿಯಾದ ಜೀವಕೋಶದಲ್ಲಿ 26 ವರ್ಣತಂತುಗಳಿವೆ. ಸೂಕ್ಷ್ಮದರ್ಶಕದ ಚಿತ್ರದಿಂದ ಒಂದೊಂದನ್ನೂ ಕತ್ತರಿಸಿ ಉದ್ದದ ಪ್ರಕಾರ ಹಾಳೆಯ ಮೇಲೆ ಜೋಡಿಸಿದರೆ ದೊಡ್ಡವು ಐದು ಜೋಡಿ, ಸಣ್ಣವು ಎಂಟು ಜೋಡಿ ಸಿಗುತ್ತವೆ. ಗಂಡಸಿನ ಕೋಶವಾದರೆ ಕೊನೆಗೆ ಉದ್ದನೆಯದೊಂದು, ಗಿಡ್ಡನೆಯದೊಂದು ಜೊತೆಯಿಲ್ಲದೆ ಉಳಿದು ತಮ್ಮ ಗುರುತನ್ನು ತಾವೇ ಹೇಳುತ್ತವೆ. ಕಪ್ಪೆಯಲ್ಲಿ ಹದಿಮೂರೂ ಜೋಡಿಗಳು ತಕರಾರಿಲ್ಲದೆ ಕೂಡುತ್ತವೆ. ‘ಮೇಡಂ, ವೈ ಎಲ್ಲಿ?’ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಮೊದಲನೆಯ ಜೋಡಿಯಲ್ಲೇ ಇದೆ, ಕಣ್ಣಿಗೆ ಕಾಣುವಷ್ಟು ಸವೆದಿಲ್ಲ ಅಷ್ಟೆ. ಪರೀಕ್ಷಿಸಿ ನೋಡಿದ ಉಭಯವಾಸಿಗಳಲ್ಲಿ ಬಹುಪಾಲಿನ ಸ್ಥಿತಿ ಇದೇ.

ಸವೆಯದಿರಲು ಒಂದು ಕಾರಣ ವರ್ಗಾವಣೆ. ಕಪ್ಪೆಗಳಲ್ಲಿ ಲಿಂಗ ನಿರ್ಧರಿಸುವ ಹೊಣೆ, ಸರ್ಕಾರಿ ಅಧಿಕಾರಿಯ ಹಾಗೆ, ಒಂದೇ ಕುರ್ಚಿಯಲ್ಲಿ ಬೇರುಬಿಡುವ ಮೊದಲೇ ಎದ್ದು ಬೇರೆ ಜೋಡಿಗೆ ಹೋಗುತ್ತದೆ; ಹಾಗಾಗಿ ಯಾವ ವೈಗೂ ಸವೆಯುವಷ್ಟು ಕಾಲ ಸಿಗುವುದಿಲ್ಲ. ರಾನಿಡೇ ಎಂಬ ಕಪ್ಪೆ ಕುಟುಂಬದ 28 ಪ್ರಭೇದಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ಸುಮಾರು 5.5 ಕೋಟಿ ವರ್ಷಗಳಲ್ಲಿ ಇಂಥ ಬದಲಾವಣೆ ಕನಿಷ್ಠ 13 ಬಾರಿ ಆಗಿದೆ ಎಂದಿತು. ಅಷ್ಟಾದರೂ ಹೊಣೆ ಸುತ್ತಿದ್ದು ಐದೇ ಜೋಡಿಗಳ ನಡುವೆ! ಜಪಾನಿನ ಗ್ಲಾಂಡಿರಾನಾ ರುಗೋಸಾ ಕಪ್ಪೆಯಂತೂ ಒಂದೇ ದೇಶದೊಳಗೆ ಕೆಲವೆಡೆ ಎಕ್ಸ್‌–ವೈ ಪದ್ಧತಿಯನ್ನೂ, ಕೆಲವೆಡೆ ಹಕ್ಕಿಗಳಂತೆ ಝಡ್‌–ಡಬ್ಲ್ಯೂ ಪದ್ಧತಿಯನ್ನೂ ಇಟ್ಟುಕೊಂಡಿದೆ; ಮೊದಲನೆಯದರಲ್ಲಿ ಗಂಡಿನ ಜೋಡಿ ಬೇರೆ ಬೇರೆ (ಎಕ್ಸ್, ವೈ), ಎರಡನೆಯದರಲ್ಲಿ ಹೆಣ್ಣಿನದು (ಝಡ್, ಡಬ್ಲ್ಯೂ). ಪಶ್ಚಿಮ ಆಫ್ರಿಕಾದ ಕಪ್ಪೆ ಝೆನೋಪಸ್ ಟ್ರೋಪಿಕ್ಯಾಲಿಸ್‌ನಲ್ಲಿ ಝಡ್, ಡಬ್ಲ್ಯೂ, ವೈ ಮೂರೂ ಇವೆ.

ಇನ್ನೊಂದು ಕಾರಣ ನನಗೆ ಹೆಚ್ಚು ಪ್ರಿಯವಾದದ್ದು. ರಾನಾ ಟೆಂಪೊರೇರಿಯಾದ ಗಂಡಿನಲ್ಲಿ ವರ್ಣತಂತುಗಳ ನಡುವಿನ ವಿನಿಮಯ ಬಹುತೇಕ ತುದಿಗಳಿಗೆ ಸೀಮಿತ, ಹೆಣ್ಣಿನಲ್ಲಿ ಉದ್ದಕ್ಕೂ ನಡೆಯುತ್ತದೆ. ಎಕ್ಸ್‌–ವೈ ಇದ್ದೂ ಹೆಣ್ಣಾಗಿ ಬೆಳೆಯುವ ಕಪ್ಪೆಗಳು ಅಪರೂಪಕ್ಕೆ ಹುಟ್ಟುತ್ತವೆ. ವಿನಿಮಯದ ರೀತಿ ದೇಹದ ಲಿಂಗವನ್ನು ಅನುಸರಿಸುವುದರಿಂದ, ಅಂಥ ಹೆಣ್ಣಿನಲ್ಲಿ ಎಕ್ಸ್ ಮತ್ತು ವೈ ಮನಸೋಕ್ತ ತುಣುಕುಗಳನ್ನು ಬದಲಾಯಿಸಿಕೊಳ್ಳುತ್ತವೆ. ವೈ ಮೇಲೆ ಕೂಡಿಬಿದ್ದ ವಂಶವಾಹಿಗಳ ಕೆಟ್ಟ ಬದಲಾವಣೆಗಳು ತೊಳೆದುಹೋಗಲು ಎಲ್ಲೋ ಒಮ್ಮೊಮ್ಮೆ ಹೀಗಾದರೂ ಸಾಕು. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ನಿಕೋಲಾ ಪೆರಿನ್ 2009ರಲ್ಲಿ ಈ ವಿಚಾರ ಮಂಡಿಸಿದಾಗ ಅದನ್ನು ‘ಯೌವನದ ಚಿಲುಮೆ’ ಎಂದು ಕರೆದರು. ವಿಜ್ಞಾನಿಗಳೂ ಆಗಾಗ ಕವಿಗಳಾಗುತ್ತಾರೆ.

ಇದೆಲ್ಲ ಬರೀ ಊಹೆ ಎನ್ನುವವರು ಆಕ್ಸೊಲೋಟ್ಲ್ ಎಂಬ ಸಲಮಾಂಡರ್ (ಬಾಲವಿರುವ ಉಭಯವಾಸಿ) ಕಡೆ ನೋಡಬೇಕು. ಅದರ ಹೆಣ್ಣು ಝಡ್‌–ಡಬ್ಲ್ಯೂ. ಹಂಫ್ರಿ ಎಂಬ ಅಮೆರಿಕದ ವಿಜ್ಞಾನಿ ಇಂಥ ಹೆಣ್ಣುಗಳನ್ನು ಗಂಡಾಗಿ ಪರಿವರ್ತಿಸಿ, ಸಾಮಾನ್ಯ ಹೆಣ್ಣುಗಳೊಡನೆ ಕೂಡಿಸಿ, ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ಮರಿಗಳಲ್ಲಿ ಕೆಲವು ಡಬ್ಲ್ಯೂ–ಡಬ್ಲ್ಯೂ. ಅಂದರೆ ಝಡ್‌ ಇಲ್ಲವೇ ಇಲ್ಲ! ಅವು ಸಾಯಲಿಲ್ಲ, ಬೆಳೆದು ಮೊಟ್ಟೆಯನ್ನೂ ಇಟ್ಟವು. ಎಕ್ಸ್ ಇಲ್ಲದೆ ಬರೀ ವೈ ಹೊತ್ತ ಮನುಷ್ಯ ಶಿಶು ಹುಟ್ಟುವುದು ಸಾಧ್ಯವೇ ಇಲ್ಲ. ಡಬ್ಲ್ಯೂ ಬದುಕಿಗೆ ಬೇಕಾದ ವಂಶವಾಹಿಗಳನ್ನು ಕಳೆದುಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಠ್ಯಪುಸ್ತಕಗಳೂ ಮನುಷ್ಯನ ಎಕ್ಸ್–ವೈ ಚಿತ್ರವೊಂದನ್ನೇ ಮುದ್ರಿಸಿ ಜೀವಲೋಕಕ್ಕೆಲ್ಲ ಅದೇ ನಿಯಮ ಎಂಬ ಭಾವನೆ ಬರುವಂತೆ ಮಾಡಿವೆ. ಲೇಖಕರೊಬ್ಬರನ್ನೇ ದೂರಿ ಫಲವಿಲ್ಲ. ನನ್ನ ಕೋರಿಕೆ ಚಿಕ್ಕದು: ಆ ಕೊನೆಯ ವಾಕ್ಯಕ್ಕೆ ‘ಸಸ್ತನಿಗಳಲ್ಲಿ ಮತ್ತು ಬಹುಪಾಲು ಹಕ್ಕಿಗಳಲ್ಲಿ’ ಎಂದು ಸೇರಿಸಿ ತಿದ್ದುಪಡಿ ಪ್ರಕಟಿಸಿ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ